ಶ್ವೇತಕುಬ್ಜದ ಸುದ್ದಿಗೆ ಕಪ್ಪುಕುಳಿಯ ಚಿತ್ರ ಯಾಕೆ?

ಮಾನ್ಯರೇ,

ಈಚೆಗೆ ನಿಮ್ಮ ವಿಜ್ಞಾನ ಪುಟದಲ್ಲಿ ಇಎಕ್ಸ್ ಹೈಡ್ರೇ ಎಂಬ ಜೋಡಿ ನಕ್ಷತ್ರದ ಸುದ್ದಿ ನೋಡಿ ಖುಷಿಯಾಯಿತು. ಆದರೆ ಬರೆದದ್ದು ನಾಲ್ಕೇ ಸಾಲು, ಪಕ್ಕದಲ್ಲಿ ಹಾಕಿದ್ದು ಕಪ್ಪುಕುಳಿಯ ಚಿತ್ರ. ಆ ಜೋಡಿಯಲ್ಲಿ ಕಪ್ಪುಕುಳಿಯೇ ಇಲ್ಲ ಸ್ವಾಮಿ! ಇರುವುದು ಶ್ವೇತಕುಬ್ಜ. ಅಂದರೆ ಉರಿಯುವುದೆಲ್ಲ ಉರಿದು ಮುಗಿದ ನಕ್ಷತ್ರದ ತಿರುಳು. ಗಾತ್ರ ಭೂಮಿಯಷ್ಟು, ತೂಕ ಮಾತ್ರ ಹೆಚ್ಚು ಕಡಿಮೆ ಸೂರ್ಯನದ್ದು.

ಅದು ಪಕ್ಕದ ಚಿಕ್ಕ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುತ್ತಾ ಇರುತ್ತದೆ. ಎರಡೂ 98 ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತವೆ, ನಾನು ತುಮಕೂರಿನಲ್ಲಿ ಬಸ್ ಹತ್ತಿ ಬೆಂಗಳೂರಲ್ಲಿ ಇಳಿಯುವಷ್ಟರಲ್ಲಿ ಅಲ್ಲಿ ಒಂದು ವರ್ಷ ಕಳೆದಿರುತ್ತದೆ. ಮಜಾ ಇರುವುದು ಅನಿಲ ಬೀಳುವ ರೀತಿಯಲ್ಲಿ. ಶ್ವೇತಕುಬ್ಜಕ್ಕೆ ಗಟ್ಟಿ ಕಾಂತಕ್ಷೇತ್ರ ಇರುವುದರಿಂದ ಅನಿಲ ಎಲ್ಲೆಂದರಲ್ಲಿ ಬೀಳುವ ಹಾಗಿಲ್ಲ, ಕಾಂತ ರೇಖೆ ಹಿಡಿದುಕೊಂಡು ಧ್ರುವಗಳ ಕಡೆಗೇ ಹೋಗಬೇಕು, ಹೋಗುವಾಗ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಆಗಿರುತ್ತದೆ. ಆ ಓಟ ತಟ್ಟನೆ ತಡೆದಾಗ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾಯುತ್ತದೆ. ಅಷ್ಟು ಕಾದದ್ದು ಹೊಳೆಯುವುದೇ ಎಕ್ಸ್-ರೇಯಲ್ಲಿ. ಶ್ವೇತಕುಬ್ಜ 67 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುವುದರಿಂದ ಆ ಹೊಳಪೂ ಅದೇ ತಾಳದಲ್ಲಿ ಏರಿ ಇಳಿಯುತ್ತದೆ.

ಇಂಥ ನಕ್ಷತ್ರಗಳು ಮೊದಲು ಗೊತ್ತಾದ ಕತೆಯೂ ಚೆನ್ನಾಗಿದೆ. ಎಎಂ ಹರ್ಕ್ಯುಲಿಸ್ ಎಂಬ ಇಂಥದ್ದೇ ಜೋಡಿಯನ್ನು ಖಗೋಳ ವಿಜ್ಞಾನಿ ಮ್ಯಾಕ್ಸ್ ವುಲ್ಫ್ ಕಂಡದ್ದು 1923ರಲ್ಲಿ. ಅರ್ಧ ಶತಮಾನ ಅದು ಸುಮ್ನೆ ಹೊಳಪು ಬದಲಿಸುವ ಇನ್ನೊಂದು ನಕ್ಷತ್ರ, ಅಷ್ಟೇ. ಆಮೇಲೆ, 1970ರಲ್ಲಿ ಹಾರಿಸಿದ ಉಹುರು ಉಪಗ್ರಹ ಗುರುತಿಸಿದ್ದ ಒಂದು ಎಕ್ಸ್-ರೇ ಮೂಲ ಇದೇ ಎಂದು ತಿಳಿಯಿತು. 1976ರಲ್ಲಿ ಟಾಪಿಯಾ ಎಂಬವರು ಅದರ ಬೆಳಕು ಜೋರಾಗಿ ಧ್ರುವೀಕರಣಗೊಂಡಿದೆ, ಅಂದರೆ ಅದರ ಕಂಪನ ಎಲ್ಲ ದಿಕ್ಕಿಗೂ ಸಮನಾಗಿ ಹರಡಿಲ್ಲ ಎಂದು ಅಳೆದರು. ಅದು ಗಟ್ಟಿ ಕಾಂತಕ್ಷೇತ್ರದ ಗುರುತು. ಕಾಂತಕ್ಷೇತ್ರದ ಬಲವನ್ನು ಗಾಸ್ ಎಂಬ ಮಾನದಲ್ಲಿ ಅಳೆಯುತ್ತಾರೆ, ಅಲ್ಲಿನದ್ದು 1 ಕೋಟಿ ಗಾಸ್‌ಗೂ ಜಾಸ್ತಿ. ಭೂಮಿಯದ್ದು ಅರ್ಧ ಗಾಸ್, ಅದರಲ್ಲೇ ನಮ್ಮ ದಿಕ್ಸೂಚಿ ನಡೆಯುತ್ತದೆ ಅಲ್ವಾ!

ಈಗ ನೀವು ನಾಲ್ಕು ಸಾಲಲ್ಲಿ ಮುಗಿಸಿದ ಸುದ್ದಿಗೆ ಬರುತ್ತೇನೆ. ಎಕ್ಸ್-ರೇಯ ಧ್ರುವೀಕರಣ ಅಳೆಯುವ ನಾಸಾದ ಐಎಕ್ಸ್‌ಪಿಇ ಉಪಗ್ರಹ ಇಎಕ್ಸ್ ಹೈಡ್ರೇಯ ಎಕ್ಸ್-ರೇ ಸುಮಾರು 8 ಶೇಕಡಾ ಧ್ರುವೀಕರಣಗೊಂಡಿದೆ ಎಂದು ಅಳೆಯಿತು. ಅದರಿಂದ ಧ್ರುವದ ಮೇಲೆ ನಿಂತ ಬಿಸಿ ಅನಿಲದ ಕಂಬದ ಎತ್ತರ ಸಿಕ್ಕಿತು, ಸುಮಾರು 3,200 ಕಿಲೋಮೀಟರ್. ಶ್ವೇತಕುಬ್ಜದ ತ್ರಿಜ್ಯದ ಅರ್ಧದಷ್ಟು! ಸುಮಾರು 200 ಜ್ಯೋತಿರ್ವರ್ಷ ದೂರದ ಈ ಕಂಬದ ಫೋಟೋ ಯಾವ ದೂರದರ್ಶಕಕ್ಕೂ ಸಿಗುವುದಿಲ್ಲ. ಬೆಳಕಿನ ಕಂಪನದ ದಿಕ್ಕು ನೋಡಿ ಎತ್ತರ ಹೇಳಿದರಲ್ಲ, ಓದುಗರಿಗೆ ಬೇಕಿದ್ದದ್ದು ಅದು. ನೀವು ಬರೆದದ್ದು ‘ವಿಜ್ಞಾನಿಗಳು ಬೆರಗಾಗಿದ್ದಾರೆ’ ಎಂದು.

ಎಕ್ಸ್-ರೇಯನ್ನು ವಾತಾವರಣ ತಡೆಯುತ್ತದೆ, ಅದಕ್ಕೇ ಉಪಗ್ರಹ ಬೇಕು. ಅಂಥದ್ದು ನಮ್ಮಲ್ಲೂ ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಎಕ್ಸ್-ರೇ ಮತ್ತು ನೇರಳಾತೀತ ಎರಡನ್ನೂ ಒಂದೇ ಹೊತ್ತಿಗೆ ನೋಡುವಂತೆ ಮಾಡಿದ್ದು. ಇಂಥ ಜೋಡಿಗಳಿಗೆ ಅದೇ ಬೇಕು, ಯಾಕೆಂದರೆ ಕಂಬದ ಬಿಸಿ ಎಕ್ಸ್-ರೇಯಲ್ಲಿ ಕಂಡರೆ ಅದರ ಬುಡದಲ್ಲಿ ಕಾದ ನೆಲ ನೇರಳಾತೀತದಲ್ಲಿ ಕಾಣುತ್ತದೆ. ಅದರ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಕೇಂದ್ರದಲ್ಲಿದೆ. ವೀಕ್ಷಣೆ ಕೇಳಿದ ವಿಜ್ಞಾನಿಗಳಿಗೆ ಮಾತ್ರ ಮೀಸಲಿಟ್ಟ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಪಡೆಯಬಹುದು, ದುಡ್ಡಿಲ್ಲದೆ. ನಮ್ಮ ಎಂಎಸ್ಸಿ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ನಿಮ್ಮ ಪುಟ ಒಮ್ಮೆ ಬರೆದರೆ ಗೊತ್ತಾಗುತ್ತದೆ.

ಮುಂದಿನ ಸಲ ಚಿತ್ರ ಸಿಗದಿದ್ದರೆ ಕಪ್ಪುಕುಳಿ ಅಂಟಿಸಬೇಡಿ. ಎರಡು ಉಂಡೆ, ಮಧ್ಯೆ ಒಂದು ಬಾಗಿದ ಗೆರೆ ಎಳೆದರೆ ಸಾಕು. ನಾನು ಮೂವತ್ತು ವರ್ಷ ಸೀಮೆಸುಣ್ಣದಲ್ಲಿ ಹಾಗೇ ಬರೆದು ಪಾಠ ಮಾಡಿದ್ದೇನೆ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ತುಮಕೂರು