ಹಿಂದಿ ಕಲಿಸುವಾಗ ಬೀದರನ್ನು ಮರೆಯದಿರಲಿ

ಮಾನ್ಯ ಸಂಪಾದಕರಿಗೆ,

ಹಿಂದಿ ದಿವಸವಾದ ಸೆಪ್ಟೆಂಬರ್ 14 ಹತ್ತಿರ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಬಗೆಯ ಬರಹಗಳು ಕಾಣಿಸಿಕೊಳ್ಳುತ್ತವೆ. ಹಿಂದಿ ಸಂಸ್ಕೃತದ ಹಿರಿಯ ಮಗಳು, ಸಾವಿರಾರು ವರ್ಷ ಹಳೆಯ ಭಾಷೆ ಎಂದು ಹೇಳುವ ಲೇಖನ ಒಂದಾದರೆ, ದಿನಬಳಕೆಯ ಹಿಂದಿ ವಾಕ್ಯಗಳ ಪಟ್ಟಿ ಇನ್ನೊಂದು. ಬೀದರ್ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 28 ವರ್ಷ ಹಿಂದಿ ಕಲಿಸಿ ನಿವೃತ್ತನಾದ ನನಗೆ ಎರಡರಲ್ಲೂ ಕಾಣುವ ಕೊರತೆ ಒಂದೇ. ಈ ಭಾಷೆ ಬೆಳೆದು ಬಂದ ದಾರಿಯಲ್ಲಿ ನಮ್ಮ ನೆಲವೂ ಇದೆ ಎಂಬುದನ್ನು ಅವು ಹೇಳುವುದಿಲ್ಲ. ಹೇಳದೇ ಇರುವುದರಿಂದ, ಕನ್ನಡದ ಮಕ್ಕಳಿಗೆ ಸುಲಭವಾಗಿ ಬರಬೇಕಾದದ್ದು ಕಷ್ಟವಾಗಿ ಕೂತಿದೆ.

ಸೆಪ್ಟೆಂಬರ್ 14 ಹಿಂದಿ ಹುಟ್ಟಿದ ದಿನವಲ್ಲ. 1949ರ ಆ ದಿನ ಸಂವಿಧಾನ ಸಭೆಯು ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆಯಾಗಿ ಒಪ್ಪಿಕೊಂಡಿತು, ಅಷ್ಟೆ. ಇನ್ನು ಹೆಸರಿನ ಮಾತು. 'ಸಿಂಧು' ಇರಾನಿನವರ ನಾಲಗೆಯಲ್ಲಿ 'ಹಿಂದು' ಆಯಿತು, ಅದರಿಂದ 'ಹಿಂದ್' ಎಂಬ ನಾಡಿನ ಹೆಸರು ಬಂತು, ಆ ನಾಡಿನದು ಎಂಬ ಅರ್ಥದಲ್ಲಿ ಪಾರಸಿ ಬಲ್ಲವರು 'ಹಿಂದಿ', 'ಹಿಂದವಿ' ಎಂದರು. 1325ರಲ್ಲಿ ತೀರಿಕೊಂಡ ಕವಿ ಅಮೀರ್ ಖುಸ್ರೋ ಕೂಡ ದಿಲ್ಲಿಯ ಸುತ್ತಲಿನ ಮಾತನ್ನು ಹೀಗೆಯೇ ಕರೆದ.

ಸಂಸ್ಕೃತದ ನಂಟು ಸುಳ್ಳಲ್ಲ, ಆದರೆ ನಡುವೆ ಪ್ರಾಕೃತ ಮತ್ತು ಅಪಭ್ರಂಶ ಎಂಬ ಆಡುಮಾತಿನ ಹಂತಗಳಿವೆ. 'ಹಸ್ತ' ಎಂಬುದು 'ಹತ್ಥ' ಆಗಿ 'ಹಾಥ್' ಆಯಿತು. 'ದುಗ್ಧ' ಎಂಬುದು 'ದುದ್ಧ' ಆಗಿ 'ದೂಧ್' ಆಯಿತು. ಹೀಗೆ ಜನರ ಬಾಯಲ್ಲಿ ಸವೆದು ನುಣುಪಾದ ಮಾತುಗಳಲ್ಲಿ ದಿಲ್ಲಿ, ಮೇರಠ್ ಸುತ್ತಿನ ಖಡೀ ಬೋಲಿ ಒಂದು. ಇಂದಿನ ಹಿಂದಿ ನಿಂತಿರುವುದು ಅದರ ಮೇಲೆ. ತುಳಸೀದಾಸರು 'ರಾಮಚರಿತಮಾನಸ' ಬರೆದದ್ದು ಅವಧೀ ಭಾಷೆಯಲ್ಲಿ, ಸೂರದಾಸರು ಹಾಡಿದ್ದು ಬ್ರಜ್ ಭಾಷೆಯಲ್ಲಿ. ಇವನ್ನು ಹಿಂದಿಯ ಖಾತೆಗೆ ಜಮಾ ಮಾಡಿಕೊಂಡದ್ದು ತೀರ ಈಚೆಗೆ. 1800ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಖಡೀ ಬೋಲಿಯ ಗದ್ಯ ಬರೆಸಿದರು. 1903ರಿಂದ 'ಸರಸ್ವತಿ' ಪತ್ರಿಕೆಯನ್ನು ನಡೆಸಿದ ಮಹಾವೀರ ಪ್ರಸಾದ ದ್ವಿವೇದಿಯವರು ಅದರ ವ್ಯಾಕರಣವನ್ನು ತಿದ್ದಿ ಹದಗೊಳಿಸಿದರು. ಶಾಲೆಯಲ್ಲಿ ನಾವು ಕಲಿಸುವ ಹಿಂದಿಗೆ ಆ ರೂಪದಲ್ಲಿ ಇನ್ನೂರು ಚಿಲ್ಲರೆ ವರ್ಷಗಳ ವಯಸ್ಸು.

ಆದರೆ ಅದೇ ಮಾತು ಅದಕ್ಕೂ ಬಹಳ ಮೊದಲೇ ದಕ್ಷಿಣಕ್ಕೆ ಇಳಿದಿತ್ತು. ದಿಲ್ಲಿಯ ಸುಲ್ತಾನರ ದಂಡಿನ ಜೊತೆ, ಮುಹಮ್ಮದ್ ಬಿನ್ ತುಘಲಕ್ ದೌಲತಾಬಾದಿಗೆ ಎಬ್ಬಿಸಿ ಕಳಿಸಿದ ಸಂಸಾರಗಳ ಜೊತೆ, ಸೂಫಿಗಳ ಮತ್ತು ವ್ಯಾಪಾರಿಗಳ ಜೊತೆ ಬಂದ ಅದು 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ನೆಲೆಗೊಂಡ ಮೇಲೆ ಇಲ್ಲಿಯದೇ ಆಯಿತು. ದಖ್ಖನ್ನಿನ ಈ ಮಾತೇ ದಖನಿ. 15ನೇ ಶತಮಾನದಲ್ಲಿ ಬೀದರಿನಲ್ಲಿ ಫಖ್ರುದ್ದೀನ್ ನಿಜಾಮಿ ರಚಿಸಿದ 'ಕದಮ್ ರಾವ್ ಪದಮ್ ರಾವ್', ಈ ಮಾತಿನಲ್ಲಿ ಉಳಿದು ಬಂದಿರುವ ಅತಿ ಹಳೆಯ ದೊಡ್ಡ ಕಾವ್ಯಗಳಲ್ಲಿ ಒಂದು. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ ಸರಸ್ವತಿ, ಗಣಪತಿಯರನ್ನು ನೆನೆದು ಪದಗಳನ್ನು ಕಟ್ಟಿದ್ದೂ ಈ ದಖನಿಯಲ್ಲಿಯೇ. ಹಿಂದಿ ಮತ್ತು ಉರ್ದು ಎರಡೂ ಭಾಷೆಗಳ ಸಾಹಿತ್ಯ ಚರಿತ್ರೆಗಳು ದಖನಿಯನ್ನು ತಮ್ಮದೆಂದು ಹೇಳಿಕೊಳ್ಳುತ್ತವೆ. ಅದು ಬೆಳೆದ ಊರಿನ ಮಕ್ಕಳಿಗೆ ಮಾತ್ರ ಈ ಸಂಗತಿಯನ್ನು ಯಾರೂ ಹೇಳುವುದಿಲ್ಲ ಎಂಬುದು ನನ್ನ ನೋವು.

ಈ ದಖನಿ ಕನ್ನಡ, ಮರಾಠಿ, ತೆಲುಗುಗಳ ನಡುವೆ ಬಾಳಿ ಅವುಗಳ ನಡೆಯನ್ನು ಕಲಿತಿದೆ. 'ನಾಳೆ ಬರ್ತೀನಿ ಅಂತ ಹೇಳಿದ' ಎಂಬುದನ್ನು ದಿಲ್ಲಿಯವರು 'ಉಸನೇ ಕಹಾ ಕಿ ಮೈಂ ಕಲ್ ಆಊಂಗಾ' ಎಂದು ತಿರುಗಿಸಿ ಹೇಳಿದರೆ, ನಮ್ಮ ಬಜಾರಿನಲ್ಲಿ 'ಕಲ್ ಆತೂಂ ಬೋಲ್‌ಕೆ ಬೋಲ್ಯಾ' ಎನ್ನುತ್ತಾರೆ. ನಮ್ಮ 'ಅಂತ' ಇರುವ ಜಾಗದಲ್ಲಿಯೇ ದಖನಿಯ 'ಬೋಲ್‌ಕೆ' ಕೂತಿದೆ. 'ಬೇಡ' ಎನ್ನಲು ಹೇಳುವ 'ನಕ್ಕೋ' ಮರಾಠಿಯಿಂದ ಬಂದದ್ದು.

ಈಗ ವಾಕ್ಯಗಳ ಪಟ್ಟಿಯ ವಿಷಯ. ಕಳೆದ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಕೆಲಸದ ತರಬೇತಿಗೆ ದಿಲ್ಲಿಗೆ ಹೊರಟಾಗ, ಹಿಂದಿ ಕಲಿಸುವ ಚಿಕ್ಕ ಪುಸ್ತಕವೊಂದನ್ನು ಹಿಡಿದು ನನ್ನ ಬಳಿ ಬಂದ. ಅದರಲ್ಲಿ 'ಮೈಂ ಹಿಂದಿ ಭಾಷಾ ಅಲ್ಪ ಮಾತ್ರಾ ಮೇಂ ಜಾನತಾ ಹೂಂ' (ನಾನು ಹಿಂದಿ ಭಾಷೆಯನ್ನು ಅಲ್ಪ ಪ್ರಮಾಣದಲ್ಲಿ ಬಲ್ಲೆ) ಎಂಬ ವಾಕ್ಯವಿತ್ತು. ಹುಡುಗ ಅದನ್ನು ಮೂರು ದಿನದಿಂದ ಬಾಯಿಪಾಠ ಮಾಡುತ್ತಿದ್ದ. ನಿನಗೆ ಕನ್ನಡ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀ ಎಂದು ಕೇಳಿದೆ. 'ಬರ್ತದ್ರಿ ಸರ್' ಎಂದ. ಹಿಂದಿಯಲ್ಲೂ ಭಾಷೆ 'ಬರುತ್ತದೆ', 'ಮುಝೆ ಹಿಂದಿ ಆತೀ ಹೈ' ಎಂದರೆ ಸಾಕು ಎಂದಾಗ ಅವನ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಪುಸ್ತಕದ ವಾಕ್ಯಗಳು ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದವು. ಕನ್ನಡದಿಂದ ನೇರವಾಗಿ ಹೋದರೆ ದಾರಿ ಎಷ್ಟೋ ಹತ್ತಿರ. 'ನನಗೆ ನೀರು ಬೇಕು' ಎಂಬುದು 'ಮುಝೆ ಪಾನೀ ಚಾಹಿಯೇ'. 'ನನಗೆ ದಿಲ್ಲಿಗೆ ಹೋಗುವುದಿದೆ' ಎಂಬುದು 'ಮುಝೆ ದಿಲ್ಲಿ ಜಾನಾ ಹೈ'. ಕ್ರಿಯಾಪದ ಕೊನೆಯಲ್ಲಿ, 'ಮೇಲೆ', 'ಒಳಗೆ' ಎಂಬವು ನಾಮಪದದ ಆಚೆಗೆ, ಎಲ್ಲವೂ ನಮ್ಮಂತೆಯೇ. ಖಾಲಿ, ಬಾಕಿ, ತಾರೀಖು, ಹಾಜರು, ಅರ್ಜಿ ಮೊದಲಾದ ಮಾತುಗಳು ಎರಡೂ ಕಡೆ ಇವೆ.

ಎಡವುವ ಜಾಗಗಳೂ ಇವೆ, ಪಟ್ಟಿ ಕೊಡುವವರು ಅವನ್ನು ಮುಚ್ಚಿಡಬಾರದು. ಹಿಂದಿಯಲ್ಲಿ ಜೀವವಿಲ್ಲದ ವಸ್ತುವಿಗೂ ಲಿಂಗವಿದೆ: ಬಸ್ ಸ್ತ್ರೀಲಿಂಗ, ಅದು 'ಆಯೀ'; ಟ್ರಕ್ ಪುಲ್ಲಿಂಗ, ಅದು 'ಆಯಾ'. ನಾವು ತಿಂದದ್ದಾದರೂ ಕ್ರಿಯಾಪದ ರೊಟ್ಟಿಯ ಮಾತು ಕೇಳುತ್ತದೆ. ರೋಟೀ ಸ್ತ್ರೀಲಿಂಗವಾದ್ದರಿಂದ 'ಮೈಂನೇ ರೋಟೀ ಖಾಯೀ' ಎನ್ನಬೇಕು. ದಖನಿಯಲ್ಲಿ ಈ 'ನೇ' ಬಹುಮಟ್ಟಿಗೆ ಇಲ್ಲದಿರುವುದರಿಂದ ನಮ್ಮ ಕಡೆಯವರು ಇಲ್ಲಿ ಹೆಚ್ಚು ತಪ್ಪುತ್ತಾರೆ. ನಮ್ಮ 'ಶಿಕ್ಷೆ' ದಂಡನೆಯಾದರೆ ಅಲ್ಲಿನ 'ಶಿಕ್ಷಾ' ವಿದ್ಯೆ. ನಮ್ಮ 'ಅವಸರ' ಆತುರ, ಅಲ್ಲಿನದು ಸಂದರ್ಭ. ಎಲ್ಲಕ್ಕಿಂತ ಮುಖ್ಯವಾದದ್ದು 'ಆಪ್', 'ತುಮ್', 'ತೂ' ಎಂಬ ಮೂರು ಮೆಟ್ಟಿಲು. 'ನೀವು' ಎನ್ನಬೇಕಾದವರಿಗೆ 'ಆಪ್' ಎಂದೇ ಅನ್ನಬೇಕು. ಅಪರಿಚಿತ ಹಿರಿಯರನ್ನು 'ತುಮ್' ಎಂದರೆ ವ್ಯಾಕರಣ ಎಷ್ಟೇ ಸರಿಯಿದ್ದರೂ ಮಾತು ಕೆಡುತ್ತದೆ.

ಹಿಂದಿಯನ್ನು ಯಾರ ಮೇಲೂ ಹೇರಬಾರದು ಎಂಬುದೇ ನನ್ನ ನಿಲುವು. ಅದನ್ನು ಕಲಿಸುತ್ತಲೇ ಅನ್ನ ಉಂಡವನಾಗಿ ಇದನ್ನು ಹೇಳುತ್ತಿದ್ದೇನೆ. ಆದರೆ ತಾನಾಗಿ ಕಲಿಯಬಯಸುವ ಕನ್ನಡಿಗನಿಗೆ ಕನ್ನಡದ ಮೂಲಕವೇ ಕಲಿಸಬೇಕು. ತಮ್ಮ ಪತ್ರಿಕೆ ಇಂಥ ಪಟ್ಟಿಯನ್ನು ಮುಂದೆ ಪ್ರಕಟಿಸುವುದಾದರೆ, ಕನ್ನಡ ವಾಕ್ಯದ ಪಕ್ಕದಲ್ಲಿ ದಖನಿಯನ್ನೂ ಅದರ ಪಕ್ಕದಲ್ಲಿ ದಿಲ್ಲಿಯ ರೂಪವನ್ನೂ ಕೊಡಬೇಕೆಂದು, ಹಾಗೂ ಮೊದಲ ವಾಕ್ಯವಾಗಿ 'ಮುಝೆ ಹಿಂದಿ ಥೋಡೀ ಆತೀ ಹೈ, ಆಪ್ ಧೀರೇ ಬೋಲಿಯೇ' (ನನಗೆ ಹಿಂದಿ ಸ್ವಲ್ಪ ಬರುತ್ತದೆ, ನೀವು ನಿಧಾನವಾಗಿ ಮಾತಾಡಿ) ಎಂಬುದನ್ನು ಹಾಕಬೇಕೆಂದು ಕೋರುತ್ತೇನೆ. ಊರು ಬಿಟ್ಟು ಹೊರಟ ಹುಡುಗನಿಗೆ ರೈಲು ಇಳಿದ ಕೂಡಲೇ ಬೇಕಾಗುವುದು ಅದೇ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿಂದಿ ಶಿಕ್ಷಕ, ಬೀದರ್