ಮಧ್ಯಪ್ರದೇಶದ ಶಹಡೋಲಿನಲ್ಲಿರುವ ಅಳಿಯನಿಗೆ

ಪ್ರೀತಿಯ ಗಣೇಶ,

ಪತ್ರ ಬಂತು. ನಿನ್ನಮ್ಮ ಕನ್ನಡಕ ಹುಡುಕುತ್ತಿದ್ದಳು, ನಾನೇ ಓದಿ ಹೇಳಿದೆ. ಒಂದು ಸಾಲು ಮಾತ್ರ ಬಿಟ್ಟು ಓದಿದೆ. 'ಗ್ಯಾಸ್ ಡಿಟೆಕ್ಟರ್ ಸುಮ್ನೆ ಕೂಗ್ತದೆ ಮಾವ, ಪಂಪ್ ನಿಲ್ಲಿಸಿದರೆ ಬೈಗುಳ, ರಾತ್ರಿ ಆಫ್ ಮಾಡಿ ಇಡ್ತೇವೆ' ಅಂತ ಬರೆದಿದ್ದೀಯಲ್ಲ, ಅದು.

ಕೆಲವು ಸಲ ಸುಮ್ನೆ ಕೂಗಲೂಬಹುದು, ನಾನೇನು ನೋಡಿದವನಲ್ಲ. ಆದರೆ ನೀವು ಕಲ್ಲಿದ್ದಲಿನ ಪದರದಿಂದ ತೆಗೆಯುವ ಮೀಥೇನ್ ಗ್ಯಾಸಿಗೆ ವಾಸನೆ ಇಲ್ಲ ಮಾರಾಯ. ಅಡುಗೆ ಗ್ಯಾಸಿನ ನಾತ ಬೇಕೆಂದೇ ಸೇರಿಸಿದ್ದು. ನೆಲದಿಂದ ಆಗಷ್ಟೇ ಎದ್ದು ಬಂದದ್ದಕ್ಕೆ ಯಾರು ಸೇರಿಸಿರುತ್ತಾರೆ? ಗಾಳಿಯಲ್ಲಿ ಶೇಕಡಾ 5ರಿಂದ 15 ಬೆರೆತರೆ ಒಂದು ಕಿಡಿ ಸಾಕು. ಆ 5 ಮುಟ್ಟುವ ಎಷ್ಟೋ ಮೊದಲೇ ಕೂಗಲಿ ಅಂತಲೇ ಅಲ್ವಾ ಅದನ್ನು ಕೊಟ್ಟದ್ದು?

ನಿನ್ನ ಕೆಲಸ ಓದಿ ನಗುವೂ ಬಂತು. ನಾವಿಲ್ಲಿ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದೆವು, ನೀವು ಗ್ಯಾಸಿಗಾಗಿ ತಿಂಗಳುಗಟ್ಟಲೆ ನೀರೆತ್ತಿ ಹೊರಗೆ ಹಾಕುತ್ತೀರಿ. ಕಲ್ಲಿದ್ದಲಿಗೆ ಅಂಟಿ ಕೂತ ಗ್ಯಾಸನ್ನು ನೀರಿನ ಒತ್ತಡ ಅದುಮಿ ಹಿಡಿದಿರುತ್ತದೆ. ನೀರು ಇಳಿದ ಹಾಗೆ ಅದು ಬಿಟ್ಟು ಬರುತ್ತದೆ. ಮೊದಲು ಬರೀ ನೀರು, ಆಮೇಲೆ ಗ್ಯಾಸೇ ಜಾಸ್ತಿ. ನಿನ್ನೆ ನೀರು ಕೊಟ್ಟ ಬಾವಿ ಇವತ್ತೂ ನೀರೇ ಕೊಡುತ್ತದೆ ಅಂತ ನಂಬಿ ಆಫ್ ಮಾಡಿದೆಯಾ?

ಸಣ್ಣ ಮಾವನ ಕಥೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನಿನ್ನಮ್ಮನಿಗೂ ಹೇಳಿಲ್ಲ. ಆ ದಿನ ಅವನು ಒಮ್ಮೆ ಸುರಂಗದಿಂದ ಹೊರಗೆ ಬಂದಿದ್ದ. ಹುಬ್ಬಿನ ತನಕ ಕೆಂಪು ಮಣ್ಣು, ಕೈಯಲ್ಲಿ ಆರಿದ ಮೇಣದ ಬತ್ತಿ. 'ಎರಡನೇ ಸಲ ಅಣ್ಣಾ' ಅಂದ. ಬತ್ತಿ ಆರಿದರೆ ಒಳಗೆ ನಿಲ್ಲಬಾರದು ಅಂತ ಸುರಂಗ ತೋಡುವವರೆಲ್ಲ ಹೇಳುತ್ತಾರೆ. ನಾನು ಆಗ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವ. ಮಳೆಗೆ ಮೊದಲು ಮುಗಿಸುವ ಅವಸರ ಬೇರೆ. 'ಬತ್ತಿ ಒದ್ದೆಯಾಗಿರಬೇಕು' ಅಂದೆ. ಬೆಂಕಿಪೊಟ್ಟಣ ಕೊಟ್ಟೆ. ಅವನು ಹೆಡಿಗೆ ಎತ್ತಿಕೊಂಡು ಒಳಗೆ ಹೋದ.

ಆಮೇಲೆ ಮೂವತ್ತು ವರ್ಷ ಮಕ್ಕಳಿಗೆ ಆಮ್ಲಜನಕದ ಪಾಠ ಮಾಡಿದೆ.

ನಿನಗೆ ಬುದ್ಧಿ ಹೇಳುವಷ್ಟು ನಾನು ದೊಡ್ಡವನಲ್ಲ. ಮೀಥೇನ್ ಗಾಳಿಗಿಂತ ಹಗುರ, ಶೆಡ್ಡಿನ ಮಾಡಿನ ಕೆಳಗೆ ಸೇರಿಕೊಳ್ಳುತ್ತದೆ. ಚಳಿ ಅಂತ ಮೇಲಿನ ಕಿಂಡಿ ಮುಚ್ಚಬೇಡಿ. ಡಿಟೆಕ್ಟರ್ ಕೆಟ್ಟಿದ್ದರೆ ಬೇರೆ ಕೇಳು. ಅಲ್ಲಿಯವರೆಗೆ ಅದು ಕೂಗಿದರೆ ಹೊರಗೆ ಬಾ. ಬೈದರೆ ಬೈಯಲಿ. ಇದೆಲ್ಲ ನಿನಗೆ ಟ್ರೇನಿಂಗಿನಲ್ಲೇ ಹೇಳಿರುತ್ತಾರೆ, ನಾನು ಸುಮ್ನೆ ಬರೆದೆ.

ಆನ್ ಮಾಡಿದೆ ಅಂತ ಒಂದು ಮೆಸೇಜ್ ಹಾಕು. ಅಮ್ಮನ ಫೋನಿಗೆ ಬೇಡ, ನನ್ನದಕ್ಕೆ.

ಇಂತಿ ನಿನ್ನ ಮಾವ,
ಪೆರ್ಲ