ಯಾರೂ ನೋಡಲಿಲ್ಲ ಎಂದೆಯಲ್ಲ, ಅದಕ್ಕೆ ಈ ಪತ್ರ

ಸಾಗರ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು.

ಇನ್‌ಸ್ಟಾಗ್ರಾಂಗೆ ಹಾಕಿದ್ದ, ಅಜ್ಜಿ ಒತ್ತು ಶಾವಿಗೆ ಮಾಡುವ ವಿಡಿಯೋವನ್ನು ಅಳಿಸಿಬಿಟ್ಟೆ ಎಂದು ನಿನ್ನೆ ಫೋನಿನಲ್ಲಿ ನೀನು ಹೇಳಿದೆ. ಏಕೆ ಎಂದು ಕೇಳಿದರೆ, “ಯಾರೂ ನೋಡಲಿಲ್ಲಮ್ಮ” ಎಂದೆ. ಆ ಮಾತು ಮನಸ್ಸಿಗೆ ನಾಟಿತು. ಫೋನಿನಲ್ಲಿ ಹೇಳಹೊರಟರೆ ವಾದಕ್ಕೆ ತಿರುಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೋಡಿದವರಿದ್ದರು ಪುಟ್ಟಿ. ನೀನು ಅಳಿಸುವ ಮೊದಲು ಅದರ ಕೆಳಗಿದ್ದ ಮಾತುಗಳನ್ನೆಲ್ಲ ನಾನು ಓದಿದ್ದೆ. ತಮ್ಮ ಮನೆಯ ಶಾವಿಗೆ ಒರಳೂ ಹೀಗೇ ಕಿರುಗುಡುತ್ತಿತ್ತು, ಅಮ್ಮ ಹೋದ ಮೇಲೆ ಅದನ್ನು ಅಟ್ಟದಿಂದ ಇಳಿಸಿದವರಿಲ್ಲ ಎಂದು ಒಬ್ಬ ಹೆಂಗಸು ಬರೆದಿದ್ದರು. ಅಜ್ಜಿ ಬೆಂದ ಉಂಡೆಯನ್ನು ಒರಳಿಗೆ ಹಾಕಿ ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಾರೆ, ಕೆಳಗೆ ಬಾಳೆಲೆ ಹಿಡಿದ ನಿನ್ನ ಅತ್ತೆಯ ಕೈ ಸುತ್ತುತ್ತಾ ಇರುತ್ತದೆ, ಆವಿಗೆ ಚಿತ್ರವೇ ಮಸುಕಾಗುತ್ತದೆ. ಆ ಮಸುಕಿಗೆ ನೀನು ಬೇಸರಪಟ್ಟಿದ್ದೆ. ಆ ಹೆಂಗಸಿಗೆ ಕಂಡದ್ದು ಅವರ ಅಮ್ಮ. ನೀನು ಅವರಿಗೆ ಒಂದು ಸಾಲಿನ ಉತ್ತರವನ್ನೂ ಬರೆದಿರಲಿಲ್ಲ. ವಿಡಿಯೋದ ಜೊತೆಗೆ ಅವರ ಮಾತೂ ಹೋಯಿತು.

ಹೆಚ್ಚು ಜನ ನೋಡಲಿ ಎಂದು ಬಯಸುವುದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಯಕ್ಷಗಾನದ ಮೇಳಗಳಿಗೂ ಪ್ರೇಕ್ಷಕರು ಬೇಕೇ ಬೇಕು. ಆದರೆ ಎಷ್ಟು ಜನ ನೋಡಿದರು ಎಂದು ನೀನು ನಂಬಿ ಕುಳಿತಿರುವ ಆ ಅಂಕಿ ಹುಟ್ಟುವ ಬಗೆಯನ್ನು ಒಮ್ಮೆ ಯೋಚಿಸು. ಇನ್‌ಸ್ಟಾಗ್ರಾಂನಲ್ಲಿ ಮೊದಲು ಯಾರು ಯಾವಾಗ ಹಾಕಿದರೋ ಆ ಕ್ರಮದಲ್ಲೇ ಚಿತ್ರಗಳು ಕಾಣುತ್ತಿದ್ದವು. 2016ರಿಂದ ಯಾರಿಗೆ ಏನನ್ನು ಮೊದಲು ತೋರಿಸಬೇಕೆಂದು ಯಂತ್ರವೇ ತೀರ್ಮಾನಿಸತೊಡಗಿತು. ಜನ ಹೆಚ್ಚು ಹೊತ್ತು ನೋಡುತ್ತಾ ಕೂತಷ್ಟೂ ಆ ಕಂಪನಿಗೆ ಜಾಹೀರಾತಿನ ಆದಾಯ ಹೆಚ್ಚು. ಹಾಗಾಗಿ ನೋಡುಗರನ್ನು ಹಿಡಿದಿಡಬಹುದೆಂದು ಯಂತ್ರಕ್ಕೆ ತೋರಿದ್ದು ಮುಂದೆ ಬರುತ್ತದೆ, ಉಳಿದದ್ದು ಹಿಂದೆ ಬೀಳುತ್ತದೆ. ನಿನ್ನ ವಿಡಿಯೋ ಬಹಳ ಜನರ ಮುಂದೆ ಬಾರದೆಯೇ ಹೋಗಿರಬಹುದು. ಅದನ್ನು ನೀನು ಜನ ತಿರಸ್ಕರಿಸಿದರು ಎಂದು ಓದಿಕೊಂಡು ಕೊರಗುತ್ತೀ. ಈ ಲೈಕ್‌ಗಳ ಲೆಕ್ಕವೂ ಹಳೆಯದೇನಲ್ಲ. ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂದದ್ದೇ 2009ರಲ್ಲಿ, ಆಗ ನೀನು ಅಂಬೆಗಾಲಿಡುತ್ತಿದ್ದೆ. ಲೈಕ್‌ಗಳ ಲೆಕ್ಕವನ್ನು ಮರೆಮಾಡುವ ಆಯ್ಕೆಯನ್ನು 2021ರಲ್ಲಿ ಇನ್‌ಸ್ಟಾಗ್ರಾಂ ತಾನೇ ಎಲ್ಲರಿಗೂ ಕೊಟ್ಟಿದೆ. ಅದನ್ನು ಬಳಸು ಎಂಬುದು ನನ್ನ ಕೋರಿಕೆ.

ರಾಬಿನ್ ಡನ್ಬಾರ್ ಎಂಬ ಬ್ರಿಟಿಷ್ ವಿದ್ವಾಂಸರು ಮನುಷ್ಯನೊಬ್ಬ ಸುಮಾರು 150 ಜನರೊಂದಿಗೆ ಮಾತ್ರ ನಿಜವಾದ ಒಡನಾಟ ಇಟ್ಟುಕೊಳ್ಳಬಲ್ಲ, ಅವರಲ್ಲೂ ತೀರಾ ಹತ್ತಿರದವರು ಐದಾರು ಜನ ಎನ್ನುತ್ತಾರೆ. ಆ ಅಂಕಿಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಇರಲಿ. ಐದಾರು ಎಂಬುದು ನನ್ನ ಅನುಭವಕ್ಕಂತೂ ಸರಿಯಾಗಿಯೇ ಕಾಣುತ್ತದೆ. ಅಮೆರಿಕದ ಸರ್ಜನ್ ಜನರಲ್, ಎಂದರೆ ಜನರ ಆರೋಗ್ಯದ ಬಗ್ಗೆ ಆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯಾಧಿಕಾರಿ, ಆಗಿದ್ದ ಡಾ. ವಿವೇಕ್ ಮೂರ್ತಿ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮನೆತನದವರು. ಒಂಟಿತನವನ್ನು ಅಲ್ಲಿನ ಸಾಂಕ್ರಾಮಿಕ ಎಂದು ಕರೆದು 2023ರಲ್ಲಿ ಅವರು ಎಚ್ಚರಿಕೆ ಹೊರಡಿಸಿದರು. ಎಲ್ಲರ ಕೈಯಲ್ಲೂ ಫೋನ್ ಇರುವ ದೇಶದ ಮಾತಿದು.

ಇನ್ನೊಂದು ವಿಷಯ. ನಿಜ ಹೇಳಬೇಕೆಂದರೆ ವಿಡಿಯೋಗಿಂತ ಇದೇ ನನ್ನನ್ನು ಹೆಚ್ಚು ಕಾಡಿದ್ದು. ನಿನ್ನ ಹಾಸ್ಟೆಲ್ಲಿನ ರೂಮಿನವಳು ನಿನ್ನ ಚಿತ್ರಗಳಿಗೆ ಲೈಕ್ ಹಾಕುವುದೇ ಇಲ್ಲ, ಹೊಟ್ಟೆಕಿಚ್ಚಿರಬೇಕು ಎಂದೆ. ಡೆಂಗಿ ಜ್ವರದಲ್ಲಿ ನೀನು ಏಳಲಾರದೆ ಮಲಗಿದ್ದಾಗ ನಿನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವಳು ಅವಳು. ನಾವು ರಾತ್ರಿ ಬಸ್ಸಿನಲ್ಲಿ ಬೆಂಗಳೂರು ತಲುಪುವವರೆಗೆ ಪ್ಲೇಟ್‌ಲೆಟ್ ಎಷ್ಟಿದೆ, ಗಂಜಿ ಕುಡಿದಳೇ, ಡ್ರಿಪ್ ಮುಗಿಯಿತೇ ಎಂದು ಗಳಿಗೆಗೊಮ್ಮೆ ತಿಳಿಸುತ್ತಿದ್ದವಳೂ ಅವಳೇ. ಬೆಳಿಗ್ಗೆ ನಾನು ವಾರ್ಡಿಗೆ ಬಂದಾಗ ಸ್ಟೂಲಿನ ಮೇಲೆ ಕುಳಿತಲ್ಲಿಯೇ ನಿದ್ದೆ ಹೋಗಿದ್ದಳು, ಕೈಯಲ್ಲಿ ನಿನ್ನ ಔಷಧಿಯ ಚೀಟಿ ಹಾಗೇ ಇತ್ತು. ಅಂಥ ಹುಡುಗಿಯ ಸ್ನೇಹಕ್ಕೆ ಬೇರೆ ಸಾಕ್ಷಿ ಬೇಕೇ? ಅವಳು ಫೋನಿನಲ್ಲಿ ಹೃದಯದ ಗುರುತು ಒತ್ತಿದಳೋ ಇಲ್ಲವೋ ಎಂದು ನೀನು ಲೆಕ್ಕ ಇಡುವುದನ್ನು ಕೇಳಿ ನನಗೆ ಸಂಕಟವಾಯಿತು.

ಅಳಿಸಿದ ವಿಡಿಯೋ ಮೂವತ್ತು ದಿನಗಳವರೆಗೆ ಅಲ್ಲೇ ಎಲ್ಲೋ ಇರುತ್ತದಂತೆ, ಹಿಂದಕ್ಕೆ ಪಡೆಯಬಹುದು ಎಂದು ನಿನ್ನ ತಮ್ಮ ಹೇಳಿದ. ಅದನ್ನು ಮತ್ತೆ ಹಾಕು. ಆ ಹೆಂಗಸಿನ ಮಾತು ಸಿಕ್ಕರೆ ಅವರಿಗೆ ಬರೆ, ಅವರ ಊರು ಯಾವುದೆಂದು ಕೇಳು, ಒರಳನ್ನು ಅಟ್ಟದಿಂದ ಇಳಿಸಿದರೆ ಅಜ್ಜಿ ಹದ ಹೇಳಿಕೊಡುತ್ತಾರೆಂದು ತಿಳಿಸು. ಅಜ್ಜಿಯನ್ನು ನಾನು ಆಗಲೇ ಒಪ್ಪಿಸಿದ್ದೇನೆ.

ರೂಮಿನವಳ ತಂದೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತೆಂದು ಹೋದ ವಾರ ನೀನೇ ಹೇಳಿದ್ದೆ. ಹೇಗಿದ್ದಾರೆಂದು ಅವಳನ್ನು ಕೇಳಿದೆಯಾ?

ಇಂತಿ,
ನಿನ್ನ ಅಮ್ಮ